ಮೀಟರ್‌ಗೇಜ್ ವೈಪಿ ಇಂಜಿನ್: ಬಾಯ್ಲರ್ ಟ್ಯೂಬ್ ಯಾವ ಕಡಿಂದ ತೆಗೀಬೇಕ್ರಿ?

ಹೋಟಗಿ_ಹಳಿ

ನಮಸ್ಕಾರ್ರೀ ಎಲ್ಲಾರಿಗೂ. ಸೊಲ್ಲಾಪುರ ಸನೇಕ ಬಯಲಾಗ ನಿಂತ ಒಂದು ವೈಪಿ (ಮೀಟರ್‌ಗೇಜ್ ಪ್ಯಾಸೆಂಜರ್) ಉಗಿ ಇಂಜಿನ್ ಸುಧಾರಸಲಿಕ್ಕೆ ನಮ್ಮ ಗುಂಪಿಗೆ ಲಿಖಿತ ಪರವಾನಗಿ ಸಿಕ್ಕದ. ಹನ್ನೊಂದು ಮಂದಿ, ರವಿವಾರಕ್ಕೊಮ್ಮೆ ಕೆಲಸ. ಇಂಜಿನ್ ಸ್ಥಿತಿ ಹಿಂಗದ:

ಚಿಮಣಿ ಬಾಯಿ ತೆರದ ಬಿಟ್ಟಾರ. ಸ್ಮೋಕ್‌ಬಾಕ್ಸ್ (ಬಾಯ್ಲರಿನ ಮುಂದ ಚಿಮಣಿ ಕೆಳಗಿನ ಹೊಗಿ ಪೆಟ್ಟಿಗಿ) ತಳದಾಗ ಹಸಿ ಬೂದಿ ಗಟ್ಟಿ ಆಗಿ ಕುಂತದ, ತಗಡಿನಾಗ ಬೆರಳು ತೂರ್ತದ. ಸೂಪರ್‌ಹೀಟರ್ ಎಲಿಮೆಂಟ್ (ಉಗಿ ಇನ್ನಷ್ಟು ಕಾಯಿಸೋ ಪೈಪು) ಎಲ್ಲಾ ಒಳಗ ಅವ. ಬೆಂಕಿಯ ಬಿಸಿ ಹೊಗಿ ಹಾಯೋ ಸಣ್ಣ ಟ್ಯೂಬಿನಾಗ ಮೂರು ನಾಕು ತೂತು ಬಿದ್ದಾವ. ಎಡಗಡಿ ಪಿಸ್ಟನ್ ಜಾಮ್. ಬಾಯ್ಲರ್ ಮ್ಯಾಲಿನ ತಗಡು ಒಂದ ಕಡೆ ಕಿತ್ತು, ಒಳಗಿನ ಬಿಳಿ ಸುಣ್ಣದಂಥಾದ್ದು ಉದರ್ಲಿಕ್ಕತ್ತದ.

ಕೇಳೂದು ಇಷ್ಟು. ಟ್ಯೂಬ್ ಹಿಂದಿನ ಫೈರ್‌ಬಾಕ್ಸ್ (ಬೆಂಕಿ ಉರಿಯೋ ಪೆಟ್ಟಿಗಿ) ಕಡಿಂದ ತೆಗೀಬೇಕೋ ಸ್ಮೋಕ್‌ಬಾಕ್ಸ್ ಕಡಿಂದೋ? ಗ್ಯಾಸ್ ಕಟರ್ ಹಚ್ಚಬಹುದೇನು? ಈ ಬಾಯ್ಲರಿಗೆ ಮುಂದ ಎಂದರ ಬೆಂಕಿ ಹಾಕಬಹುದು ಅನ್ನೂದು ಹೆಂಗ ಗೊತ್ತಾಗ್ತದ? ಇನ್ನೊಂದು, ಮಳಿಗಾಲದೊಳಗ ಇಂಜಿನ್ ನಲವತ್ತು ಫೂಟ್ ಜಗ್ಗಿ ಶೆಡ್ಡಿನ ಕೆಳಗ ತರಬೇಕು. ಟ್ರ್ಯಾಕ್ಟರ್ ಅದ, ಅದರಿಂದ ಜಗ್ಗಿದ್ರ ನಡೀತದಾ?

ಬಾಯ್ಲರ್_ಮೇಸ್ತ್ರಿ

ಟ್ಯೂಬಿನ ಮಾತು ಆಮ್ಯಾಲ. ಮೊದಲ ಆ ಬಿಳಿ ಸುಣ್ಣ ಮುಟ್ಟೂದು ನಿಲ್ಲಸ್ರಿ. ಅದು ಲ್ಯಾಗಿಂಗ್, ಬಾಯ್ಲರಿನ ಕಾವು ಹೊರಗ ಹೋಗದಂಗ ಸುತ್ತೋ ಹೊದಿಕಿ. ಆ ಕಾಲದ ಬಾಯ್ಲರಿಗೆ ಆಸ್‌ಬೆಸ್ಟಾಸ್ ಕಲಸಿದ ಗಾರೆ ಇಲ್ಲಾ ಆಸ್‌ಬೆಸ್ಟಾಸ್ ಗಾದಿ ಸುತ್ತತಿದ್ರು. ಲ್ಯಾಬಿನ ರಿಪೋರ್ಟ್ ಬರೂತನಕ ಅದು ಆಸ್‌ಬೆಸ್ಟಾಸ್ ಅಂತನ ಹಿಡೀರಿ, ಅದರ ಧೂಳು ಉಸಿರಿನಾಗ ಹೋದ್ರ ಅಪಾಯ. ಪೂರಾ ತೆಗೆಯೋ ಕೆಲಸ ಗೊತ್ತಿದ್ದ ಗುತ್ತಿಗೆದಾರರಿಗೆ ಕೊಡ್ರಿ, ಇದರಾಗ ರೊಕ್ಕ ಉಳಸಬ್ಯಾಡ್ರಿ. ನಿಮ್ಮ ಕೈಲೆ ಮಾಡೂದು ಎರಡ. ಒಂದು, ಉದುರಿದ್ದು ಹಾರದಂಗ ನೋಡ್ಕೊಳ್ಳೂದು: ದಾಳಿಂಬಿ ತ್ವಾಟಕ್ಕ ಔಷಧ ಹೊಡಿಯೋ ಬೆನ್ನಿನ ಪಂಪ್ ಒಂದು ಹೊಸಾದು ತರ್ರಿ, ನೀರಿಗೆ ಪಾತ್ರೆ ತೊಳಿಯೋ ಸಾಬೂನು ನಾಕು ಹನಿ ಹಾಕಿ ಸಾವಕಾಶ ತೊಯಿಸ್ರಿ, ಕಿತ್ತ ಜಾಗಕ್ಕ ದಪ್ಪ ಪ್ಲಾಸ್ಟಿಕ್ ಸುತ್ತಿ ಟೇಪ್ ಹಚ್ರಿ. ಎರಡು, ತೊಯ್ದ ಮ್ಯಾಲ ಕಡ್ಲಿ ಗಾತ್ರದ ತುಣುಕು ಎರಡು ಜಿಪ್ ಚೀಲದಾಗ ಒಂದರೊಳಗೊಂದು ಹಾಕಿ ಪರೀಕ್ಷೆಗೆ ಕಳಸ್ರಿ. ಬಟ್ಟಿ ಮಾಸ್ಕ್ ಏನೂ ತಡಿಯೂದಿಲ್ಲ, ಸಣ್ಣ ಧೂಳು ತಡಿಯೋ ಪಿ100 ಫಿಲ್ಟರಿನ ಅರ್ಧಮುಖದ ಮಾಸ್ಕ್ ಬೇಕು. ಕಸಬರಿಗಿ, ಗ್ರೈಂಡರ್, ಗಾಳಿ ಪೈಪ್ ಮೂರೂ ದೂರ ಇಡ್ರಿ. ಈ ಕೆಲಸಕ್ಕ ಹಾಕ್ಕೊಂಡ ಅರಬಿ ಮನಿಗೆ ಒಯ್ದು ಒಗಿಲಿಕ್ಕೆ ಹಾಕಬ್ಯಾಡ್ರಿ.

ಈಗ ಟ್ಯೂಬು. ಹೊರಗ ಬರೂದು ಸ್ಮೋಕ್‌ಬಾಕ್ಸ್ ಕಡಿಂದ. ಮುಂದಿನ ಟ್ಯೂಬ್‌ಪ್ಲೇಟಿನ (ಟ್ಯೂಬಿನ ತುದಿ ಹಿಡಿಯೋ ತೂತಿನ ತಗಡು) ತೂತು ಫೈರ್‌ಬಾಕ್ಸ್ ಕಡೆ ತೂತಿಗಿಂತ ಸ್ವಲ್ಪ ದೊಡ್ಡದು ಮಾಡಿರ್ತಾರ, ಚೆಕ್ಕಿ (ನೀರಿನ ಸುಣ್ಣದ ಪದರ) ಹಿಡಿದ ಟ್ಯೂಬ್ ಮುಂದಕ್ಕ ಜಾರಿ ಬರಲಿ ಅಂತ.

ಬೂದಿ ತೆಗೆದ ಮ್ಯಾಲ ಬ್ಲಾಸ್ಟ್ ಪೈಪ್ (ಬಳಸಿದ ಉಗಿ ಚಿಮಣಿಗೆ ಬಿಡೋ ಪೈಪ್), ಪೆಟಿಕೋಟ್ (ಚಿಮಣಿಯ ಕೆಳಗಿನ ಗಂಟಿಯಂಥ ಬಾಯಿ), ಕಿಡಿ ತಡಿಯೋ ಜಾಳಿಗಿ ಬಿಚ್ಚಿ ಹೊರಗ. ಇವು ಇದ್ರ ಒಳಗ ಮನಷ್ಯಾ ಕೂಡ್ಲಿಕ್ಕೆ ಜಾಗಾನ ಇಲ್ಲ. ಆಮ್ಯಾಲ ಸೂಪರ್‌ಹೀಟರ್ ಎಲಿಮೆಂಟ್. ಅವು ಕೂಡೋ ಹೆಡರಿನ (ಉಗಿ ಹಂಚೋ ಪೆಟ್ಟಿಗಿ) ಟಿ-ಬೋಲ್ಟ್ ನಟ್ಟಿಗೆ ಮೂರು ದಿನ ಮೊದಲ ಎಣ್ಣಿ ಬಿಡ್ರಿ. ಆದ್ರೂ ಬರಲಿಲ್ಲಂದ್ರ ನಟ್ ಅಷ್ಟ ಕೆಂಪಗ ಕಾಯಿಸ್ರಿ ಇಲ್ಲಾ ನಟ್ ಸೀಳಿ ಬಿಸಾಕ್ರಿ. ನಟ್ ಸಿಗ್ತದ, ಹೆಡರ್ ಸಿಗಂಗಿಲ್ಲ. ಎಲಿಮೆಂಟಿನ ತುದಿಗೆ ಗುಂಡನ ಸೀಟ್ ಇರ್ತದ, ಅದಕ್ಕ ಬಟ್ಟಿ ಸುತ್ತಿ ಸಾಲು, ನಂಬರ್ ಬರದು ಹಗ್ಗದಲೆ ಕಟ್ರಿ. ತುದಿ ಮ್ಯಾಲ ನಿಲ್ಲಿಸಿ ಇಟ್ರ ಸೀಟಿಗೆ ಪೆಟ್ಟು ಬೀಳ್ತದ, ಮುಂದ ಎಷ್ಟ ಬಿಗಿ ಮಾಡಿದ್ರೂ ಉಗಿ ಸೋರ್ತದ.

ಸಣ್ಣ ಟ್ಯೂಬಿಗೆ ಫೈರ್‌ಬಾಕ್ಸ್ ಕಡೆ ಅಂಚು ಮಡಚಿರ್ತಾರ, ಬೀಡಿಂಗ್. ಅದನ್ನ ಸಣ್ಣ ಚಾಣದಲೆ ಕೆತ್ತಿ ತೆಗೀರಿ. ಚಾಣದ ಬಾಯಿ ಯಾವಾಗ್ಲೂ ಟ್ಯೂಬಿನ ಮಧ್ಯಕ್ಕ ಮುಖ ಮಾಡಿರಬೇಕು, ಪ್ಲೇಟಿನ ಕಡೆ ಅಲ್ಲ. ಆಮ್ಯಾಲ ತುದಿಯ ಒಂದು ಬದಿ ಒಳಗ ಮಡಚಿ ಹಿಡಿತ ಸಡ್ಲ ಮಾಡ್ರಿ, ಪ್ಲೇಟಿನ ದಪ್ಪಕ್ಕಿಂತ ಅರ್ಧ ಇಂಚು ಆಳಕ್ಕ. ಮುಂದಿನ ಕಡೆ, ಒಳಗಿಂದ ಕತ್ತರಸೋ ಟ್ಯೂಬ್ ಕಟರ್ ತೂರ್ಸಿ ಪ್ಲೇಟಿನ ಹಿಂದ ಒಂದು ಇಂಚಿಗೆ ಕಡೀರಿ. ಪ್ಲೇಟಿನಾಗ ಉಳದ ತುಂಡು ಬ್ಯಾರೆ ಮಡಚಿ ತೆಗೀರಿ. ಈಗ ಫೈರ್‌ಬಾಕ್ಸ್ ಕಡಿಂದ ದಬ್ಬಿದ್ರ ಟ್ಯೂಬ್ ಮುಂದ ಬರ್ತದ.

ನಮ್ಮ ಕಡೆ ಬೋರಿನ ನೀರು ಓಡಿಸಿದ ಬಾಯ್ಲರಿನಾಗ ಚೆಕ್ಕಿ ಭಾಳ, ಟ್ಯೂಬ್ ತೂತಿನಾಗ ಸಿಕ್ಕೊಂಡ ನಿಲ್ತದ. ಎಳದಾಡಬ್ಯಾಡ್ರಿ. ಸೂಪರ್‌ಹೀಟರ್ ಎಲಿಮೆಂಟ್ ಕೂಡೋ ದೊಡ್ಡ ಟ್ಯೂಬ್, ಅಂದ್ರ ಫ್ಲೂ, ಒಂದು ಮೊದಲ ತೆಗದಿಟ್ಕೋರಿ, ಸಣ್ಣ ಟ್ಯೂಬ್ ಎಲ್ಲಾ ಒಳಗ ಕೆಳಗಿಳಿಸಿ ಆ ದೊಡ್ಡ ತೂತಿಂದ ಹೊರಗ ಹಾಕ್ರಿ.

ಗುಂತಕಲ್_ಮೀಟರ್‌ಗೇಜ್

ಟ್ರ್ಯಾಕ್ಟರ್ ವಿಷಯಕ್ಕೆ ಬರ್ತೀನಿ. ಪಿಸ್ಟನ್ ಜಾಮ್ ಇರೋ ಇಂಜಿನ್ನು ಎಳೆದ್ರೆ ಎರಡ್ರಲ್ಲಿ ಒಂದು: ಚಕ್ರ ತಿರುಗದೆ ಹಳಿ ಮೇಲೆ ಉಜ್ಜಿ ಚಪ್ಪಟೆ ಬೀಳುತ್ತೆ, ಇಲ್ಲ ಪಿಸ್ಟನ್ನಿನ ಬಲ ಚಕ್ರಕ್ಕೆ ಕೊಡೋ ಕನೆಕ್ಟಿಂಗ್ ರಾಡ್ ಬಾಗುತ್ತೆ. ಹಾಗಾಗಿ ಎರಡೂ ಕಡೆ ಕನೆಕ್ಟಿಂಗ್ ರಾಡ್ ಬಿಚ್ಚಿ ಕೆಳಗಿಳಿಸಿ, ಕ್ರಾಸ್‌ಹೆಡ್ಡಿಗೆ (ಪಿಸ್ಟನ್ ರಾಡೂ ಕನೆಕ್ಟಿಂಗ್ ರಾಡೂ ಸೇರೋ ಜಾರುಗಟ್ಟಿ) ಮರದ ಗಟ್ಟಿ ಕೊಟ್ಟು ಅಲ್ಲಾಡದಂಗೆ ಕಟ್ಟಿ. ಚಕ್ರ ಚಕ್ರ ಜೋಡಿಸೋ ಕಪ್ಲಿಂಗ್ ರಾಡ್ ಇರಲಿ, ಪಿನ್ನುಗಳಿಗೆ ಎಣ್ಣೆ ತುಂಬಿ. ವಾಲ್ಷರ್ಟ್ ಗೇರಿನ (ಉಗಿ ವಾಲ್ವ್ ಆಡಿಸೋ ರಾಡುಗಳ ಜೋಡಣೆ) ಎಕ್ಸೆಂಟ್ರಿಕ್ ರಾಡೂ ಬಿಚ್ಚಬೇಕು. ಅದಕ್ಕೆ ಕೈ ಹಾಕೋ ಮುಂಚೆ ಆ ರಾಡನ್ನ ಆಡಿಸೋ ರಿಟರ್ನ್ ಕ್ರ್ಯಾಂಕ್ ಚಕ್ರದ ಪಿನ್ನಿನ ಮೇಲೆ ಕೂತಿರೋ ಜಾಗಕ್ಕೆ ಎರಡೂ ಲೋಹದ ಮೇಲೆ ಹಾಯುವಂಗೆ ಒಂದು ಗೀಟು, ಎರಡು ಪಂಚ್ ಗುರುತು ಹಾಕಿ. ವಾಲ್ವ್ ಯಾವಾಗ ತೆರೀಬೇಕು ಅನ್ನೋದನ್ನ ನಿರ್ಧರಿಸೋದೇ ಆ ಕ್ರ್ಯಾಂಕು. ಕಿತ್ತ ಮೇಲೆ ಅಂದಾಜಲ್ಲಿ ಕೂರಿಸಿದ್ರೆ ಇಂಜಿನ್ ಒಂದು ಕಡೆ ಕುಂಟುತ್ತೆ.

ಜಾಮ್ ಆಗಿರೋ ಪಿಸ್ಟನ್ನಿಗೆ: ಸಿಲಿಂಡರಿನ ಮುಂದಿನ ಕವರ್ ತೆಗೆದು ಡೀಸೆಲ್ಲು, ಗೇರ್ ಬಾಕ್ಸಿನ ಎಟಿಎಫ್ ಎಣ್ಣೆ ಸಮ ಸಮ ಬೆರೆಸಿ ಎರಡೂ ಬದಿಗೆ ಬಿಡಿ. ಡ್ರೈನ್ ಕಾಕ್ ಮುಚ್ಚಿರಲಿ. ಒಂದು ವಾರ ಬಿಟ್ಟು ಮರದ ದಿಮ್ಮಿ ಇಟ್ಟು ಹೈಡ್ರಾಲಿಕ್ ಜ್ಯಾಕಿಂದ ಎರಡು ಮಿ.ಮೀ. ಒಂದು ಕಡೆ, ಎರಡು ಮಿ.ಮೀ. ಇನ್ನೊಂದು ಕಡೆ, ಹಂಗೆ ಆಡಿಸ್ತಾ ಬನ್ನಿ. ರಾಡಿನ ತುದಿಗೆ ಸುತ್ತಿಗೆ ಏಟು ಹಾಕಿದೋರು ಆಮೇಲೆ ರಾಡು ನೆಟ್ಟಗೆ ಮಾಡಿಸೋಕೆ ಲೇತ್ ಹುಡುಕ್ಕೊಂಡು ಓಡಾಡ್ತಾರೆ.

ಎಳೆಯೋಕೆ ಟ್ರ್ಯಾಕ್ಟರ್ ಬೇಡವೇ ಬೇಡ. ಅದು ಜಗ್ಗಿ ನಿಲ್ಲಿಸಿದರೂ ಇಂಜಿನ್ ನಿಲ್ಲಲ್ಲ, ಅದಕ್ಕೆ ಬ್ರೇಕೇ ಇಲ್ಲ ಈಗ. ಟೆಂಡರ್ (ಕಲ್ಲಿದ್ದಲು, ನೀರು ಹೊರೋ ಹಿಂದಿನ ಗಾಡಿ) ಬೇರೆ ಮಾಡಿ, ಕೈಯಲ್ಲಿ ತಿರುವೋ ವಿಂಚ್ ಮುಂದೆ ಒಂದು, ಹಿಂದೆ ತಡೆಯೋಕೆ ಇನ್ನೊಂದು. ಎರಡೂ ಹಗ್ಗ ಹಳಿಯ ನಡುಗೆರೆಗೆ ನೇರ. ಚಕ್ರದ ಜೊತೆ ಇಬ್ಬರು ಬೆಣೆ ಹಿಡ್ಕೊಂಡು ನಡೀಬೇಕು. ಮುಂಚೆ ಆ ನಲವತ್ತು ಅಡಿ ಹಳಿ ಅಳೀರಿ: ಒಳ ಅಂಚಿಂದ ಒಳ ಅಂಚಿಗೆ 1000 ಮಿ.ಮೀ. ಇರಬೇಕು. ಸ್ಲೀಪರ್ ಮಣ್ಣಲ್ಲಿ ಹೂತು ಕೊಳೆತಿದ್ರೆ ಭಾರ ಬಿದ್ದ ಕೂಡ್ಲೆ ಗೇಜ್ ಅಗಲ ಆಗಿ ಚಕ್ರ ಒಳಗೆ ಇಳಿಯುತ್ತೆ.

ಬೋಲ್ಟಿನ ಬಗ್ಗೆ ಒಂದು ಮಾತು. ಹಳೇ ಇಂಜಿನ್ನಲ್ಲಿ ವಿಟ್‌ವರ್ತ್ ಅನ್ನೋ ಬ್ರಿಟಿಷ್ ಅಳತೆಯ ಚೂಡಿ (ಬೋಲ್ಟಿನ ಸುರುಳಿ ಗೀರು) ಸಿಗೋದು ಜಾಸ್ತಿ, ಮೂಲೆ 55 ಡಿಗ್ರಿ. ಮುಕ್ಕಾಲು ಇಂಚಿನ ಬೋಲ್ಟಲ್ಲಿ ಇಂಚಿಗೆ 10 ಚೂಡಿ, ಒಂದು ಇಂಚಿನ ಬೋಲ್ಟಲ್ಲಿ 8. ಅಮೆರಿಕನ್ ಅಳತೆಯಾದ ಯುಎನ್‌ಸಿಯಲ್ಲೂ ಈ ಎರಡು ಅಳತೆಗೆ ಲೆಕ್ಕ ಅಷ್ಟೇ, ಆದರೆ ಮೂಲೆ 60. ಅದಕ್ಕೇ ನಟ್ ಸಲೀಸಾಗಿ ಹತ್ತುತ್ತೆ, ಸರಿ ಇದೆ ಅನ್ನಿಸುತ್ತೆ, ಬಿಗಿ ಮಾಡಿದಾಗ ಚೂಡಿಯ ಅಂಚಲ್ಲಿ ಮಾತ್ರ ಕಚ್ಚಿಕೊಂಡಿರುತ್ತೆ. ಅರ್ಧ ಇಂಚಿನ ಬೋಲ್ಟಲ್ಲಿ ವಿಟ್‌ವರ್ತ್ 12, ಯುಎನ್‌ಸಿ 13, ಅಲ್ಲಿ ತಕ್ಷಣ ಗೊತ್ತಾಗುತ್ತೆ. ನೂರು ರೂಪಾಯಿಯ ಚೂಡಿ ಗೇಜ್ ಜೇಬಲ್ಲಿ ಇಟ್ಕೊಳ್ಳಿ.

ಜತ್ತ_ವೆಲ್ಡರ್

ಇಷ್ಟ ತ್ರಾಸ ಯಾಕ್ರಿ? ಫೈರ್‌ಬಾಕ್ಸಿನಾಗ ಕುಂತು ಗ್ಯಾಸ್ ಕಟರ್ ಹಚ್ಚಿದ್ರ ಒಂದು ಟ್ಯೂಬಿಗೆ ಒಂದು ಮಿನಿಟ್. ಒಂದ ದಿನದಾಗ ಎಲ್ಲಾ ಖಾಲಿ.

ಬಾಯ್ಲರ್_ಮೇಸ್ತ್ರಿ

ಟ್ಯೂಬ್ ಖಾಲಿ ಆಗ್ತಾವ, ಖರೆ. ಅದರ ಜೋಡಿ ಟ್ಯೂಬ್‌ಪ್ಲೇಟೂ ಕೆಡ್ತದ. ಎರಡು ತೂತಿನ ನಡುವ ಉಳಿಯೋ ಪಟ್ಟಿ ಭಾಳ ಸಣ್ಣದು, ಇಡೀ ಪ್ಲೇಟಿನ ಜೀವ ಅದರಾಗ ಅದ. ಅಲ್ಲಿ ಉರಿ ತಾಕಿ ಒಂದ ಕಡೆ ಹಿಗ್ಗಿ ಕುಗ್ಗಿದ್ರ ತೂತು ಅಂಡಾಕಾರ ಆಗ್ತದ, ಪಟ್ಟಿ ಬಿರುಕು ಬಿಡ್ತದ. ಅಂಡಾಕಾರದ ತೂತಿನಾಗ ಹೊಸಾ ಟ್ಯೂಬ್ ಎಷ್ಟ ಹಿಗ್ಗಿಸಿದ್ರೂ ಸೋರೂದು ನಿಲ್ಲಂಗಿಲ್ಲ.

ಕಟರ್ ಹಚ್ಚಬಹುದಾದ ಜಾಗ ಒಂದ: ಹೊರಗ ಬಂದು ನೆಲದ ಮ್ಯಾಲ ಬಿದ್ದ ಟ್ಯೂಬ್ ಭಂಗಾರಕ್ಕ (ಗುಜರಿಗೆ) ತುಂಡು ಮಾಡೂದು. ಫೈರ್‌ಬಾಕ್ಸಿನ ಒಳಗ ಗ್ಯಾಸ್ ಪೈಪ್ ಬಿಟ್ಟು ಊಟಕ್ಕ ಏಳೂದಂತೂ ಎಂದೂ ಬ್ಯಾಡ. ಸಣ್ಣ ಸೋರಿಕೆ ಸಾಕು, ಒಳಗ ತುಂಬಿ ನಿಲ್ತದ. ಯಾರರ ಒಳಗಿದ್ರ ಒಬ್ರು ಫೈರ್‌ಡೋರಿನ ಹೊರಗ ಕೂಡಬೇಕು, ಎರಡೂ ಕಡೆ ಬಾಗಿಲಾ ತೆರದು ಫ್ಯಾನ್ ಹಚ್ಚಿರಬೇಕು.

ಕುಂಬಳೆ_ಲೇತ್

ಮೇಸ್ತ್ರಿಗಳು ಹೇಳಿದ್ದೇ ಸರಿ. ಹೊಸ ಟ್ಯೂಬನ್ನು ಹಿಗ್ಗಿಸಿ ಪ್ಲೇಟಿನ ತೂತಿನಲ್ಲಿ ಬಿಗಿ ಕೂರಿಸುವ ಲೆಕ್ಕ ನಾನು ಸೇರಿಸುತ್ತೇನೆ, ಯಾಕೆಂದರೆ ಹೆಚ್ಚಿನ ಸೋರಿಕೆ ಕಡಿಮೆ ಹಿಗ್ಗಿಸಿದ್ದರಿಂದ ಅಲ್ಲ, ಕೈಗೆ ಬಂದಷ್ಟು ಹಿಗ್ಗಿಸಿದ್ದರಿಂದ ಆಗುವುದು.

ಉದಾಹರಣೆಗೆ ತೂತು 51.6 ಮಿ.ಮೀ., ಟ್ಯೂಬಿನ ಹೊರವ್ಯಾಸ 50.8, ಒಳವ್ಯಾಸ 44.8 ಎಂದಿಟ್ಟುಕೊಳ್ಳಿ. ಸಡಿಲ 0.8. ಟ್ಯೂಬು ತೂತಿನ ಗೋಡೆಗೆ ತಾಗುವಾಗ ಒಳವ್ಯಾಸ ಹತ್ತಿರ ಹತ್ತಿರ 45.6 ಆಗಿರುತ್ತದೆ. ಅಲ್ಲಿಂದ ಮುಂದೆ ಗೋಡೆ ತೆಳುವಾಗಬೇಕಾದ್ದು ಶೇ. 7ರ ಸುಮಾರಿಗೆ. ಎರಡು ಬದಿಯ ಗೋಡೆ ಸೇರಿ 6 ಮಿ.ಮೀ., ಅದರ ಶೇ. 7 ಅಂದರೆ 0.42. ಒಟ್ಟು 46.0 ಬಂದಲ್ಲಿಗೆ ಎಕ್ಸ್‌ಪ್ಯಾಂಡರ್ (ಟ್ಯೂಬ್ ಹಿಗ್ಗಿಸುವ ಉಪಕರಣ) ನಿಲ್ಲಿಸಿ. ಪ್ರತಿ ತೂತನ್ನೂ ಅಳೆದು ಚಾಕ್‌ನಲ್ಲಿ ಪಕ್ಕದಲ್ಲೇ ಬರೆಯಬೇಕು ಮಾರಾಯ್ರೆ, ಹಳೆಯ ಪ್ಲೇಟಿನಲ್ಲಿ ಎರಡು ತೂತು ಒಂದೇ ಅಳತೆಗೆ ಇರುವುದಿಲ್ಲ. ಒಂದು ಮೂಲೆಯಿಂದ ಸಾಲಾಗಿ ಹಿಗ್ಗಿಸುತ್ತಾ ಹೋದರೆ ಪ್ಲೇಟು ಆ ಕಡೆಗೆ ತಳ್ಳಿಕೊಂಡು ಹೋಗುತ್ತದೆ. ಮಧ್ಯದಲ್ಲಿ ನಾಲ್ಕು, ಅಂಚಿನಲ್ಲಿ ನಾಲ್ಕು, ಹೀಗೆ ಚದುರಿಸಿ. ಫೈರ್‌ಬಾಕ್ಸ್ ಕಡೆ ಐದಾರು ಮಿ.ಮೀ. ಹೊರಗೆ ಬಿಟ್ಟು ಬೀಡಿಂಗ್ ಮಾಡಿ. ಚಾಚಿಕೊಂಡ ಅಂಚು ಹಾಗೇ ಉಳಿದರೆ ಬೆಂಕಿಗೆ ಸುಟ್ಟು ಹೋಗುತ್ತದೆ.

ಹೊಸ ಟ್ಯೂಬು ಕೊಳ್ಳುವಾಗ ಐಬಿಆರ್‌ನ (ಭಾರತೀಯ ಬಾಯ್ಲರ್ ನಿಯಮಾವಳಿ) ಫಾರ್ಮ್ ಮೂರು-ಬಿ ಪ್ರಮಾಣಪತ್ರ ಕೇಳಿ. ಅದಿಲ್ಲದ ಟ್ಯೂಬು ಎಷ್ಟು ಚಂದ ಇದ್ದರೂ ಇನ್ಸ್‌ಪೆಕ್ಟರು ಒಪ್ಪುವುದಿಲ್ಲ. ಎಕ್ಸ್‌ಪ್ಯಾಂಡರಿಗೆ ದೂರ ಹೋಗುವುದು ಬೇಡ, ನಿಮ್ಮ ಜಿಲ್ಲೆ ತುಂಬ ಸಕ್ಕರೆ ಕಾರ್ಖಾನೆ. ಕಬ್ಬು ನುರಿಯುವ ಹಂಗಾಮು ಮುಗಿದು ಬಾಯ್ಲರ್ ರಿಪೇರಿ ನಡೆಯುವ ಬೇಸಿಗೆಯಲ್ಲಿ ಎಕ್ಸ್‌ಪ್ಯಾಂಡರು, ಹೈಡ್ರಾಲಿಕ್ ಟೆಸ್ಟ್ ಪಂಪು, ಅದನ್ನು ಹಿಡಿಯಲು ಗೊತ್ತಿರುವ ಫಿಟ್ಟರು ಮೂರೂ ಅಲ್ಲೇ ಸಿಗುತ್ತಾರೆ.

ಆದರೆ ಟ್ಯೂಬಿಗೆ ದುಡ್ಡು ಹಾಕುವ ಮೊದಲು ಬಾಯ್ಲರ್ ತಗಡಿನ ದಪ್ಪ ಅಳೆಸಿ. ಶಬ್ದದ ಅಲೆಯಿಂದ ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಮೀಟರು ಬಾಡಿಗೆಗೆ ಸಿಗುತ್ತದೆ, ನಡೆಸಲು ಪ್ರಮಾಣಿತ ತಂತ್ರಜ್ಞ ಬೇಕು. ಬ್ಯಾರೆಲ್ (ಬಾಯ್ಲರಿನ ದುಂಡು ಒಡಲು) ಮೇಲೆ 150 ಮಿ.ಮೀ. ಚೌಕ ಹಾಕಿ, ತಳದ ಮೂರನೇ ಒಂದು ಭಾಗಕ್ಕೆ 75. ಪ್ರತಿ ಬಿಂದುವಿನಲ್ಲಿ ರೂಪಾಯಿ ಅಗಲಕ್ಕೆ ಬಿಳಿ ಲೋಹ ಕಾಣುವಂತೆ ಉಜ್ಜಿ. ಶಬ್ದ ಉಕ್ಕಿನಲ್ಲಿ ಸೆಕೆಂಡಿಗೆ ಸುಮಾರು 5900 ಮೀಟರ್ ಹೋಗುತ್ತದೆ, ಬಣ್ಣದಲ್ಲಿ ಅದರ ಅರ್ಧವೂ ಇಲ್ಲ. ಹಾಗಾಗಿ ಬಣ್ಣದ ಮೇಲೆ ಇಟ್ಟರೆ ಮೀಟರು ಇರುವುದಕ್ಕಿಂತ ದಪ್ಪ ತೋರಿಸುತ್ತದೆ. ಲ್ಯಾಗಿಂಗ್ ಪೂರ್ತಿ ಹೋದ ಮೇಲಷ್ಟೇ ಈ ಕೆಲಸ.

ಹೋಟಗಿ_ಹಳಿ

ಎಲ್ಲಾರಿಗೂ ಉಪಕಾರ್ರೀ. ಲ್ಯಾಗಿಂಗ್ ಮುಟ್ಟೂದು ಬಿಟ್ಟು ಪ್ಲಾಸ್ಟಿಕ್ ಸುತ್ತೀವಿ, ತುಣುಕು ಕಳಸೀವಿ. ಟ್ರ್ಯಾಕ್ಟರ್ ಕ್ಯಾನ್ಸಲ್. ಸ್ಮೋಕ್‌ಬಾಕ್ಸ್ ಹಿಂದ ತಳದ ಒಂದು ಪಟ್ಟಿಗೆ ಲ್ಯಾಗಿಂಗ್ ಇರಲಿಲ್ಲ, ಅಲ್ಲಿ ತಂತ್ರಜ್ಞರು ಅಳದಾರ: ಬದಿಗೆ 13.4ರಿಂದ 13.8 ಮಿ.ಮೀ., ತಳಕ್ಕ 11.2, ಒಂದು ಬಿಂದುವಿನಾಗ ಮಾತ್ರ 6.1. ಇದೊಂದರಿಂದ ಬಾಯ್ಲರ್ ಹೋತು ಅನ್ಕೋಬೇಕಾ? ಇನ್ನೊಂದು, ಬಾಯ್ಲರಿಗೆ ಕಂಪ್ರೆಸರಿನ ಗಾಳಿ ತುಂಬಿ ಸೋರಿಕೆ ನೋಡೋಣು ಅಂತ ಒಬ್ರು ಹೇಳಾಕತ್ತಾರ.

ಬಾಯ್ಲರ್_ಮೇಸ್ತ್ರಿ

ಗಾಳಿ ತುಂಬಬ್ಯಾಡ್ರಿ. ಆ ಮಾತು ಹೇಳಿದವರನ್ನ ಕಂಪ್ರೆಸರಿಂದ ದೂರ ಕೂಡಸ್ರಿ. ನೀರು ಒತ್ತಿದ್ರ ಕುಗ್ಗೂದಿಲ್ಲ, ಬಿರುಕು ಬಿಟ್ರ ಚರ್ರ್ ಅಂತ ಸೋರಿ ಒತ್ತಡ ಇಳೀತದ, ಅಷ್ಟ. ಗಾಳಿ ಸ್ಪ್ರಿಂಗ್ ಇದ್ದಂಗ ಕುಗ್ಗಿ ಕುಂತಿರ್ತದ, ಪ್ಲೇಟ್ ಹೋದ್ರ ಬಾಂಬು. ನೀರು ತುಂಬಿ ಒತ್ತಡ ಹಾಕೋ ಹೈಡ್ರಾಲಿಕ್ ಟೆಸ್ಟಿನಾಗೂ ಮ್ಯಾಲಿನ ಪ್ಲಗ್ ತೆರದು ಒಳಗಿನ ಗಾಳಿ ಪೂರಾ ಹೊರಗ ಹೋಗಿ ನೀರು ಉಕ್ಕೂತನಕ ತುಂಬಸೂದು ಇದಕ್ಕ.

ಆ ಟೆಸ್ಟಿನ ಲೆಕ್ಕಾ: ವೈಪಿ ಕೆಲಸದ ಒತ್ತಡ ಚದರ ಇಂಚಿಗೆ 210 ಪೌಂಡ್, ಅಂದ್ರ ಚದರ ಸೆಂ.ಮೀ.ಗೆ 14.8 ಕೆ.ಜಿ. ಅದರ ಒಂದೂವರೆ ಪಟ್ಟು ಅಂದ್ರ 22ರ ಸನೇಕ. ಆದ್ರ ನಿಮ್ಮ ಬಾಯ್ಲರಿಗೆ ಎಷ್ಟು ಅನ್ನೂದು ಇನ್ಸ್‌ಪೆಕ್ಟರ್ ಬರದು ಕೊಡೋ ಅಂಕಿ. ಇಂಜಿನ್ ರೈಲ್ವೆ ಸುಪರ್ದಿನಾಗ ಇದ್ರ ತಪಾಸಣಿ ಅವರದ, ಸಂಸ್ಥೆ ಕೈಯಾಗ ಬಂದಿದ್ರ ರಾಜ್ಯದ ಬಾಯ್ಲರ್ ಇಲಾಖೆದು. ಸೇಫ್ಟಿ ವಾಲ್ವ್ ತೆಗೆದು ಬ್ಲ್ಯಾಂಕ್ ಫ್ಲ್ಯಾಂಜ್ (ತೂತು ಮುಚ್ಚೋ ಗಟ್ಟಿ ತಗಡು) ಹಾಕ್ರಿ, ವಾಲ್ವಿನ ಸ್ಪ್ರಿಂಗ್ ಬಿಗಿ ಮಾಡಿ ಟೆಸ್ಟ್ ಮಾಡಬ್ಯಾಡ್ರಿ.

ಟೆಸ್ಟಿಗಿಂತ ಮೊದಲ ಫೈರ್‌ಬಾಕ್ಸಿನ ಸ್ಟೇ ನೋಡ್ರಿ. ಎರಡು ತಗಡು ಹಿಡದಿರೋ ಬೋಲ್ಟ್ ಅವು. ಸಣ್ಣ ಸುತ್ತಿಗಿಲೆ ಒಂದೊಂದಕ್ಕೂ ತಟ್ರಿ. ಗಟ್ಟಿ ಇದ್ದದ್ದು ಠಣ್ ಅಂತದ, ತುಂಡಾದದ್ದು ಒಡಕ ಗಡಿಗಿ ಹಂಗ. ಕೆಲವು ಸ್ಟೇ ನಡುವ ಸಣ್ಣ ತೂತು ಕೊರದಿರ್ತಾರ. ಟೆಸ್ಟಿನಾಗ ಅಲ್ಲಿಂದ ನೀರು ಬಂದ್ರ ಆ ಸ್ಟೇ ಒಳಗ ಮುರದದ ಅಂತ ಅದ ಹೇಳ್ತದ. ಬಣ್ಣ ಬಡಿಯೋರು ಆ ತೂತು ಪುಟ್ಟಿ ಹಚ್ಚಿ ಮುಚ್ಚಿಬಿಡ್ತಾರ, ಅದೊಂದು ಕಾಯ್ಕೋರಿ. ಛಾವಣಿ ತಗಡಿನ ಸೀಸದ ಪ್ಲಗ್ಗೂ ಹೊಸಾದು ಬೇಕು. ನೀರು ಕಡಿಮಿ ಆದ್ರ ಮೊದಲ ಕರಗಿ ಬೆಂಕಿ ಮ್ಯಾಲ ಉಗಿ ಬಿಡೂದು ಅದ. ಹಳಿ ಸೀಸ ಚೆಕ್ಕಿ ಹಿಡದು ಕಲ್ಲಾಗಿರ್ತದ, ಕರಗಬೇಕಾದಾಗ ಕರಗಂಗಿಲ್ಲ.

ಕುಂಬಳೆ_ಲೇತ್

6.1 ಒಂದೇ ಬಿಂದುವಿನಿಂದ ತೀರ್ಪು ಕೊಡುವ ಹಾಗಿಲ್ಲ. ಅದರ ಸುತ್ತ 25 ಮಿ.ಮೀ. ಚೌಕ ಹಾಕಿ ಮತ್ತೆ ಅಳೆಸಿ. ಸುತ್ತ ಎಲ್ಲ 11-13 ಇದ್ದು ನಡುವೆ ಒಂದೇ ಸಲ 6ಕ್ಕೆ ಇಳಿದರೆ, ತಗಡಿನ ಒಳಗೇ ಪದರ ಬಿಟ್ಟಿರಬಹುದು: ಶಬ್ದ ಆ ಪದರಕ್ಕೆ ಬಡಿದು ವಾಪಸು ಬರುತ್ತದೆ, ಮೀಟರು ಅದನ್ನೇ ತಗಡಿನ ಕೊನೆ ಎಂದುಕೊಳ್ಳುತ್ತದೆ. 11, 9, 7, 6 ಎಂದು ಬಟ್ಟಲಿನ ಹಾಗೆ ಇಳಿದರೆ ಒಳಗಿಂದ ಕೊರೆದ ಗುಂಡಿ. ಟ್ಯೂಬು ತೆಗೆದ ಮೇಲೆ ಉದ್ದ ಹಿಡಿಯ ಕನ್ನಡಿ, ಟಾರ್ಚು ಇಟ್ಟು ಒಳಗಿಂದ ನೋಡಿದರೆ ಎರಡರಲ್ಲಿ ಯಾವುದೆಂದು ಗೊತ್ತಾಗುತ್ತದೆ. ತಗಡು ಒಂದರ ಮೇಲೊಂದು ಕೂತ ಜೋಡಣೆಯ ಅಂಚು, ಫೈರ್‌ಬಾಕ್ಸ್ ಬುಡದ ಫೌಂಡೇಶನ್ ರಿಂಗಿನ ಮೇಲುಭಾಗ, ಈ ಎರಡು ಕಡೆ ಗುಂಡಿಗಿಂತ ಉದ್ದುದ್ದ ಗೀರು ಬೀಳುವುದು ಜಾಸ್ತಿ, ಅದು ಗುಂಡಿಗಿಂತ ಅಪಾಯ. ಜೋಡಣೆಯ ಮೇಲೆ ಮೀಟರ್ ಇಟ್ಟರೆ ಹೊರಗಿನ ತಗಡು ಮಾತ್ರ ಕಾಣುತ್ತದೆ, ಕೆಳಗಿನದ್ದು ಕಾಣುವುದಿಲ್ಲ, ಆ ಅಂಕೆ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ.

ತಗಡು ನಿಜವಾಗಿಯೂ ತೆಳುವಾಗಿದೆ ಎಂದಾದರೆ "ಒತ್ತಡ ಅರ್ಧ ಇಟ್ಟು ಓಡಿಸೋಣ" ಎಂಬ ಲೆಕ್ಕ ನೀವೇ ಹಾಕಬೇಡಿ. ಆಗ ಬಾಯ್ಲರ್ ಖಾಲಿ ಬಿಟ್ಟು ಸಿಲಿಂಡರಿಗೆ ಮಾತ್ರ ಗಾಳಿ ಕೊಡಬಹುದು. ಉಗಿಯ ಮುಖ್ಯ ಪೈಪನ್ನು ಹೆಡರಿನ ಬಳಿ ಬ್ಲ್ಯಾಂಕ್ ಮಾಡಿ, ಸ್ಟೀಮ್ ಚೆಸ್ಟಿಗೆ (ಸಿಲಿಂಡರಿನ ಮೇಲಿನ ವಾಲ್ವ್ ಪೆಟ್ಟಿಗೆ) ಪ್ರತ್ಯೇಕ ಪೈಪಿನಲ್ಲಿ ಚದರ ಸೆಂ.ಮೀ.ಗೆ 3-4 ಕೆ.ಜಿ. ಒತ್ತಡದ ಗಾಳಿ, ಆ ಪೈಪಿಗೇ ಒಂದು ಸೇಫ್ಟಿ ವಾಲ್ವ್. ಚಾಲಕ ಚಕ್ರಗಳನ್ನು ಹಳಿಯಿಂದ ಎತ್ತಿ ಗಟ್ಟಿ ಆಧಾರದ ಮೇಲೆ ನಿಲ್ಲಿಸಿದರೆ ರಾಡು, ಗೇರು ಎಲ್ಲ ತಿರುಗುವುದನ್ನು ಜನ ನೋಡಬಹುದು. ಬರುವ ಮಕ್ಕಳಿಗೆ ಬೇಕಾದ್ದೂ ಅದೇ.

ಗುಂತಕಲ್_ಮೀಟರ್‌ಗೇಜ್

ಫಲಕ ಬರೆಸೋದಾದ್ರೆ: ವೈ ಅಂದ್ರೆ ಮೀಟರ್‌ಗೇಜ್, ಪಿ ಅಂದ್ರೆ ಪ್ಯಾಸೆಂಜರ್. 4-6-2 ಚಕ್ರ ಜೋಡಣೆ, ಅಂದ್ರೆ ಮುಂದೆ ನಾಲ್ಕು, ನಡುವೆ ಆರು ಚಾಲಕ ಚಕ್ರ, ಹಿಂದೆ ಎರಡು. 1949ರಿಂದ 1970ರವರೆಗೆ ಒಟ್ಟು 871 ಇಂಜಿನ್ ತಯಾರಾದವು, ಬಹುಪಾಲು ನಮ್ಮ ಟಾಟಾದ ಟೆಲ್ಕೋ ಕಾರ್ಖಾನೆಯಲ್ಲೇ. ಹೋಟಗಿ-ಗದಗ ಮೀಟರ್‌ಗೇಜ್ ಮಾರ್ಗ ಸದರ್ನ್ ಮರಾಠಾ ರೈಲ್ವೆಯದ್ದು, 1884. ನಿಮ್ಮ ಇಂಜಿನ್ ಅದೇ ಮಾರ್ಗದಲ್ಲಿ ಓಡಿತ್ತು ಅಂತ ಕಾಗದ ಸಿಗೋವರೆಗೂ ಬರೆಸಬೇಡಿ. ಗೇಜು, ವಿಶಲ್, ಇಂಜೆಕ್ಟರ್, ತಯಾರಕರ ಪ್ಲೇಟು ಇವತ್ತೇ ಬಿಚ್ಚಿ ಪಟ್ಟಿ ಮಾಡಿ ಬೀಗದಲ್ಲಿ ಇಡಿ. ಹಿತ್ತಾಳೆ ಕಂಡ್ರೆ ರಾತ್ರೋರಾತ್ರಿ ಮಾಯ.

ಬಾಯ್ಲರ್_ಮೇಸ್ತ್ರಿ

ಈ ರವಿವಾರದ ಕೆಲಸ: ಚಿಮಣಿಗೆ ತಗಡಿನ ಟೊಪ್ಪಿಗಿ, ಅಂಚಿಗೆ ಒಂದು ಇಂಚು ಸಂದಿ ಬಿಟ್ಟು, ಗಾಳಿ ಆಡ್ಲಿ. ಸ್ಮೋಕ್‌ಬಾಕ್ಸಿನ ಬೂದಿ ಒಂದು ಚಿಟಿಕಿ ಉಳೀದಂಗ ತೆಗೀರಿ, ಕಲ್ಲಿದ್ದಲಿನ ಗಂಧಕ ನೀರಿನ ಜೋಡಿ ಕೂಡಿ ಆಸಿಡ್ ಆಗಿ ತಗಡು ತಿಂದದ್ದು ಅದ. ಆ ತೂತಿಗೆ ಈಗ ಸಿಮೆಂಟ್ ತುಂಬಬ್ಯಾಡ್ರಿ, ನೀರು ಇಳೀಲಿಕ್ಕೆ ಸದ್ಯಕ್ಕ ಅದೊಂದ ದಾರಿ ಅದ.